ಏಲಕ್ಕಿ ಹಾಕಲು ಒಂದು ಎಡೆ

ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. ಒಂದು ಕಮಾಂಡ್ ಕೊಟ್ಟರೆ ಮಂಡ್ಯದ ಯಾವುದೋ ಹಳೇ ಕಂಪ್ಯೂಟರಿಗೂ ಬಂದು ಕೂರುತ್ತವೆ. ಅದಕ್ಕೂ ಮುಂಚೆ ಮೂಲ ಕಡತಗಳನ್ನು ಪ್ಯಾಕೇಜಾಗಿ ಕಟ್ಟುವ ಕೆಲಸವಿದೆಯಲ್ಲ, ಡೆಬಿಯನ್‌ನಲ್ಲಿ ಅದು ಬಹುಪಾಲು ಡೆಬ್‌ಹೆಲ್ಪರ್ ಎಂಬ ಸಾಧನದ ಪಾಲು.

1997ರಲ್ಲಿ ಜೋಯಿ ಹೆಸ್ ಇದನ್ನು ಬರೆದಾಗ ಒಂದೊಂದು ಕಮಾಂಡಿಗೆ ಒಂದೊಂದೇ ಕೆಲಸ: ದಾಖಲೆ ನಕಲಿಸು, ಕೈಪಿಡಿ ಪುಟ ಕುಗ್ಗಿಸು, ಫೈಲುಗಳ ಪರ್ಮಿಷನ್ ಸರಿಮಾಡು. ಪ್ರತಿ ಪ್ಯಾಕೇಜಿನಲ್ಲೂ ಕಟ್ಟುವ ಕ್ರಮ ಹೇಳುವ ‘ರೂಲ್ಸ್’ ಎಂಬ ಕಡತ; ಅದರಲ್ಲಿ ಇವುಗಳ ಉದ್ದನೆಯ ಸಾಲು. ಹೊಸಬರು ಹಳೇ ಕಡತ ನಕಲು ಮಾಡುತ್ತಿದ್ದರು, ಜೊತೆಗೆ ಅದರ ತಪ್ಪನ್ನೂ. 2008ರಲ್ಲಿ ಹೆಸ್ ಆ ಇಡೀ ಸಾಲನ್ನು ಹೊಟ್ಟೆಯೊಳಗಿಟ್ಟುಕೊಂಡ ‘ಡಿಎಚ್’ ಎಂಬ ಕಮಾಂಡ್ ತಂದರು. ರೂಲ್ಸ್ ಕಡತ ಮೂರೇ ಸಾಲಿಗೆ ಇಳಿಯಿತು.

ತೊಡಕು ಬಂದದ್ದು ಇಲ್ಲೇ, ನಡುವೆ ನಮ್ಮದೊಂದು ಹೆಜ್ಜೆ ಸೇರಿಸುವಲ್ಲಿ. ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು, ಸುಣ್ಣ ಕಂಡು, ಕೊಳೆ ಕಳೆದು, ಪಾಕವಾಗಿ ಅಚ್ಚಿಗೆ ಹೋಗುತ್ತದೆ. ಯಾರಿಗೋ ಏಲಕ್ಕಿ ಬೆಲ್ಲ ಬೇಕೆಂದರೆ ಆಲೆಯನ್ನೇ ಕಿತ್ತು ಕಟ್ಟುವುದುಂಟೆ? ಅಚ್ಚಿಗೆ ಹುಯ್ಯುವ ಮುಂಚೆ ಕೈ ಹಾಕಲು ಎಡೆ ಸಿಕ್ಕರಾಯಿತು. ಮೊದಲ ಡಿಎಚ್‌ನಲ್ಲಿ ಆ ಎಡೆ ಬಲು ಇಕ್ಕಟ್ಟು. ಇಲ್ಲಿಯವರೆಗೆ ಓಡಿಸು, ನಿಲ್ಲು, ನನ್ನ ಕೆಲಸ ಆಗಲಿ, ಉಳಿದದ್ದು ಓಡಿಸು ಎಂದು ತುಂಡು ತುಂಡಾಗಿ ಬರೆಯಬೇಕಿತ್ತು. ಫಾಂಟ್‌ಫೋರ್ಜ್ ಎಂಬ ಫಾಂಟ್ ತಂತ್ರಾಂಶದ ಮೂಲ ಕಡತದಿಂದ ಬಳಕೆಯ ಟಿಟಿಎಫ್ ಫಾಂಟ್ ತೆಗೆಯುವ ಒಂದು ಹೆಜ್ಜೆಗೆ ಇಷ್ಟೆಲ್ಲ ಪಾಡು!

2009ರಲ್ಲಿ ದಾರಿ ಸಿಕ್ಕಿತು. ರೂಲ್ಸ್ ಎಂಬುದು ಅಸಲಿಗೆ ‘ಮೇಕ್’ ಎಂಬ 1976ರ ಸಾಧನ ಓದುವ ಕಡತ; ಅದರಲ್ಲಿ ಪ್ರತಿ ಕೆಲಸಕ್ಕೂ ಹೆಸರಿಡಬಹುದು. ಹೆಸ್ ಆ ಹೆಸರನ್ನೇ ಕೊಕ್ಕೆ ಮಾಡಿಕೊಂಡರು. ಒಂದೊಂದು ಹೆಜ್ಜೆಗೂ ಮುನ್ನ ಡಿಎಚ್ ಕಡತದಲ್ಲಿ ಹುಡುಕುತ್ತದೆ: ಈ ಹೆಜ್ಜೆಯ ಹೆಸರಿನ ಮುಂದೆ ‘ಓವರ್‌ರೈಡ್’ ಸೇರಿಸಿ ಯಾರಾದರೂ ಏನಾದರೂ ಬರೆದಿದ್ದಾರೆಯೇ? ಬರೆದಿದ್ದರೆ ತನ್ನದನ್ನು ಬಿಟ್ಟು ಅದನ್ನು ನಡೆಸುತ್ತದೆ. ಇಲ್ಲವೆಂದರೆ ಎಂದಿನಂತೆ. ಇದಕ್ಕೆ ಹೊಸ ಭಾಷೆ ಬೇಕಾಗಲಿಲ್ಲ, ಇನ್ನೊಂದು ಸೆಟ್ಟಿಂಗ್ಸ್ ಕಡತವೂ ಬೇಕಾಗಲಿಲ್ಲ. ನನಗಂತೂ ಈ ಜಿಪುಣತನವೇ ಇಷ್ಟ.

ಹಲವು ಪ್ಯಾಕೇಜುಗಳಿಗೆ ಒಂದೇ ಹೆಜ್ಜೆ ಬೇಕಾದಾಗ ಪ್ಲಗಿನ್ ಇದೆ. ಇಂಥ ಕಮಾಂಡಿನ ಹಿಂದೆ ಇಲ್ಲವೇ ಮುಂದೆ ಇದನ್ನು ತೂರಿಸು ಎನ್ನುವ ಪುಟ್ಟ ಪರ್ಲ್ ಮಾಡ್ಯೂಲ್ ಅದು. ಪೈಥಾನ್ ಬಲ್ಲವರು ಪೈಥಾನಿನದನ್ನು ತಾವೇ ಬರೆದುಕೊಂಡರು.

ಓವರ್‌ರೈಡ್‌ಗೂ ಒಂದು ಐಬಿತ್ತು. ಅದು ಸೇರಿಸುವುದಿಲ್ಲ, ಮೂಲದ ಜಾಗದಲ್ಲೇ ಕೂರುತ್ತದೆ. ಎರಡು ಫೈಲು ಅಳಿಸಲು ಹೊರಟವರು ಮೂಲ ಕಮಾಂಡನ್ನು ಮತ್ತೆ ಕರೆಯಲು ಮರೆತರೆ ಆ ಹೆಜ್ಜೆಯೇ ಸದ್ದಿಲ್ಲದೆ ಮಾಯ. ಹೆಸ್ 2014ರಲ್ಲಿ ಡೆಬಿಯನ್ ಬಿಟ್ಟರು. ಆಮೇಲೆ ನೀಲ್ಸ್ ತೈಕಿಯರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ‘ಎಕ್ಸಿಕ್ಯೂಟ್ ಬಿಫೋರ್’, ‘ಎಕ್ಸಿಕ್ಯೂಟ್ ಆಫ್ಟರ್’ ಎಂಬ ಇನ್ನೆರಡು ಹೆಸರು ಬಂದವು. ಈಗ ನಮ್ಮದನ್ನು ಹಿಂದೆಯೋ ಮುಂದೆಯೋ ಬರೆದರೆ ಸಾಕು, ಮೂಲ ಹೆಜ್ಜೆ ತನ್ನ ಪಾಡಿಗೆ ತಾನು ಓಡುತ್ತದೆ.