ದೇಶದ ಪರವಾಗಿ ಚೌಕಾಸಿ: ಎನ್‌ಎಚ್‌ಎಸ್ ಇಂಗ್ಲೆಂಡ್

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಎನ್‌ಎಚ್‌ಎಸ್ 1948ರ ಜುಲೈ 5ರಂದು ಶುರುವಾಯಿತು. ತೆರಿಗೆ ಹಣದಲ್ಲಿ ನಡೆಯುವುದರಿಂದ ರೋಗಿ ಆಸ್ಪತ್ರೆಯಲ್ಲಿ ಬಿಲ್ ಕಟ್ಟಬೇಕಿಲ್ಲ. ಆದರೆ ಯಾವ ಚಿಕಿತ್ಸೆಗೆ, ಎಷ್ಟು ಹಣ ಎಂದು ಯಾರಾದರೂ ತೀರ್ಮಾನಿಸಲೇಬೇಕಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಆ ಹೊಣೆ 'ಎನ್‌ಎಚ್‌ಎಸ್ ಇಂಗ್ಲೆಂಡ್' ಎಂಬ ಸಂಸ್ಥೆಯದು. ಸರ್ಕಾರ ಕೊಟ್ಟ ಹಣವನ್ನು ಅದು ಪ್ರಾದೇಶಿಕ ಮಂಡಳಿಗಳಿಗೆ ಹಂಚುತ್ತದೆ. ಸ್ಥಳೀಯ ಆಸ್ಪತ್ರೆಗಳಿಂದ ಸೇವೆ ಪಡೆದು ಹಣ ಕೊಡುವುದು ಆ ಮಂಡಳಿಗಳ ಕೆಲಸ. ಸಂಸ್ಥೆಯ ನಿಜವಾದ ಬಲ ಕಾಣುವುದು ಅಪರೂಪದ ಕಾಯಿಲೆಗಳಲ್ಲಿ. ಸ್ನಾಯುಗಳನ್ನು ಕುಗ್ಗಿಸುವ ಎಸ್‌ಎಂಎ ಎಂಬ ಆನುವಂಶಿಕ ಕಾಯಿಲೆಯ ಶಿಶುಗಳಿಗೆ ಒಂದೇ ಸಲ ಕೊಡುವ ಝೋಲ್ಗೆನ್‌ಸ್ಮಾ ಔಷಧಿಯ ನಿಗದಿತ ಬೆಲೆ 17.9 ಲಕ್ಷ ಪೌಂಡ್. 2021ರಲ್ಲಿ ಸಂಸ್ಥೆ ಇಡೀ ದೇಶದ ಪರವಾಗಿ ಕಂಪನಿಯ ಜತೆ ಕೂತು ರಿಯಾಯಿತಿ ಗಿಟ್ಟಿಸಿತು. ಒಂದೊಂದು ಕುಟುಂಬವೂ ಹಣ ಹೊಂದಿಸಲು ಪರದಾಡುವ ಸ್ಥಿತಿ ಅಲ್ಲಿ ಬರಲಿಲ್ಲ. ಇದನ್ನು ನಾನು ನಾಗರಿಕ ಸಮಾಜವೊಂದರ ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ.

ರಿಯಾಯಿತಿ ಎಷ್ಟೆಂಬುದು ಗೋಪ್ಯ, ಸಾರ್ವಜನಿಕ ಹಣಕ್ಕೆ ಗುಟ್ಟೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೆಲೆ ಬಯಲಾದರೆ ಬೇರೆ ದೇಶಗಳೂ ಅಷ್ಟೇ ಕೇಳುತ್ತವೆಂದು ಕಂಪನಿ ಹೆಚ್ಚು ಇಳಿಸುವುದಿಲ್ಲ ಎನ್ನುವುದು ಉತ್ತರ. ಒಪ್ಪಬಹುದಾದರೂ ಅದು ಕಹಿಯಾದ ಉತ್ತರ. ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಆರೋಗ್ಯ ಇಲಾಖೆ ಇರುವಾಗ ಅದರ ಕೆಲಸವನ್ನೇ ಮಾಡುವ ಮತ್ತೊಂದು ಸಂಸ್ಥೆ ಏಕೆ? ರೋಗಿಗಳ ಪೈಕಿ ಶೇ 92 ಮಂದಿಗೆ 18 ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿ 2016ರಿಂದ ಈಚೆಗೆ ಈಡೇರಿಲ್ಲ. ಸರದಿ ಬೆಳೆದಾಗ ಸಂಸತ್ತಿನಲ್ಲಿ ಉತ್ತರಿಸಬೇಕಾದವರು ಸಚಿವರು. 2025ರ ಮಾರ್ಚ್ 13ರಂದು ಪ್ರಧಾನಿ ಕೀರ್ ಸ್ಟಾರ್ಮರ್ ಸಂಸ್ಥೆಯನ್ನು ಇಲಾಖೆಯೊಳಗೆ ವಿಲೀನಗೊಳಿಸುವುದಾಗಿ ಘೋಷಿಸಿದಾಗ ಕೊಟ್ಟ ಕಾರಣವೂ ಬಹುಮಟ್ಟಿಗೆ ಇದೇ. ಈ ವಾದದಲ್ಲಿ ಹುರುಳಿದೆ. ಸಾಕಷ್ಟು ವೈದ್ಯರು, ಹಾಸಿಗೆಗಳು ಇಲ್ಲದಿದ್ದರೆ ಎಷ್ಟೇ ಜಾಣತನದಿಂದ ಕೊಂಡರೂ ಸರದಿ ಕರಗುವುದಿಲ್ಲ. ಹಾಗೆಂದು ಕೊಳ್ಳುವ ಕೆಲಸವೇ ವ್ಯರ್ಥ ಎನ್ನಲಾಗದು. ಅದರ ಬಲ ಬಂದದ್ದು ಸಚಿವರಿಂದ ದೂರ ಇದ್ದುದರಿಂದಲ್ಲ, ಇಡೀ ದೇಶಕ್ಕೆ ಒಂದೇ ಗ್ರಾಹಕನಾಗಿ ನಿಂತದ್ದರಿಂದ. ಬೋರ್ಡು ಯಾರದೇ ಇರಲಿ, ಈ ಒಗ್ಗಟ್ಟು ಒಡೆಯಬಾರದು. ಎಸ್‌ಎಂಎಯಂಥ ಕಾಯಿಲೆಯ ಔಷಧಿಯ ಚೌಕಾಸಿಯನ್ನು ಪ್ರಾದೇಶಿಕ ಮಂಡಳಿಗಳಿಗೆ ಹಂಚಿದರೆ, ತನ್ನ ಪ್ರದೇಶದಲ್ಲಿ ವರ್ಷಕ್ಕೆ ಇಂಥ ಒಂದೆರಡು ಶಿಶುಗಳನ್ನಷ್ಟೇ ಕಾಣುವ ಮಂಡಳಿಯ ಮಾತಿಗೆ ಯಾವ ಔಷಧ ಕಂಪನಿಯೂ ಬೆಲೆ ಇಳಿಸದು.