ಮೇಯ್ನ್ ರಾಜ್ಯದ ತೀರವಲಯ ಸಸ್ಯಸಂರಕ್ಷಣಾ ನಿಯಮಗಳು

ಅಮೇರಿಕ ಸಂಯುಕ್ತ ಸಂಸ್ಥಾನದ ಈಶಾನ್ಯದಲ್ಲಿರುವ ಮೇಯ್ನ್ ರಾಜ್ಯದ ಸರೋವರ, ನದಿ ಹಾಗೂ ಕಡಲ ತೀರಗಳಲ್ಲಿ ಮರ ಮತ್ತು ಪೊದೆಗಳನ್ನು ಕಡಿಯುವುದನ್ನು ನಿಯಂತ್ರಿಸುವ ಸ್ಥಳೀಯ ಕಟ್ಟಳೆಗಳನ್ನು '''ತೀರವಲಯ ಸಸ್ಯಸಂರಕ್ಷಣಾ ನಿಯಮಗಳು''' ಎನ್ನಬಹುದು. 1971ರ ಕಡ್ಡಾಯ ತೀರವಲಯ ಕಾಯಿದೆಯು ಇವುಗಳಿಗೆ ಆಧಾರ. ರಾಜ್ಯವು ಕನಿಷ್ಠ ಮಟ್ಟವನ್ನು ನಿಗದಿಪಡಿಸುತ್ತದೆ. ಪಟ್ಟಣಗಳು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಕಠಿಣವಾದ ನಿಯಮಗಳನ್ನು ರೂಪಿಸಿ ಜಾರಿಗೊಳಿಸುತ್ತವೆ. ದೊಡ್ಡ ಸರೋವರ, ನದಿ ಮತ್ತು ಕಡಲ ಅಂಚಿನಿಂದ 250 ಅಡಿ (ಸುಮಾರು 76 ಮೀಟರ್) ವರೆಗಿನ ಭೂಮಿ ಇವುಗಳ ವ್ಯಾಪ್ತಿಗೆ ಸೇರುತ್ತದೆ.

== ಉದ್ದೇಶ ==
ದಡದ ಗಿಡಮರಗಳು ಮಳೆನೀರಿನ ವೇಗವನ್ನು ತಗ್ಗಿಸಿ, ಮಣ್ಣನ್ನು ಹಿಡಿದಿಡುತ್ತವೆ. ಅವು ಇಲ್ಲವಾದರೆ ಮಣ್ಣಿನೊಡನೆ ರಂಜಕವು ಸರೋವರವನ್ನು ಸೇರಿ ಪಾಚಿಯ ಬೆಳವಣಿಗೆಗೆ ಕಾರಣವಾಗುತ್ತದೆ. ನೀರಿನ ನೋಟಕ್ಕಾಗಿ ಒಬ್ಬ ಭೂಮಾಲೀಕ ಕೆಲವು ಮರಗಳನ್ನು ಕಡಿದರೆ ಆಗುವ ಹಾನಿ ಅಲ್ಪವೆನಿಸಬಹುದು. ದಡದುದ್ದಕ್ಕೂ ಎಲ್ಲರೂ ಹಾಗೆ ಮಾಡಿದರೆ ಇಡೀ ಸರೋವರ ಕೆಡುತ್ತದೆ.

== ಅಂಕ ಪದ್ಧತಿ ==
ದೊಡ್ಡ ಸರೋವರಗಳ ಅಂಚಿನಿಂದ 100 ಅಡಿಯವರೆಗೆ ರಕ್ಷಣಾಪಟ್ಟಿಯನ್ನು ಉಳಿಸಬೇಕು. ಇದರೊಳಗೆ 25 ಅಡಿಗೆ 50 ಅಡಿ ಅಳತೆಯ ಪ್ರತಿ ತುಂಡು ನೆಲದಲ್ಲಿ ಕನಿಷ್ಠ 24 ಅಂಕಗಳಷ್ಟು ಮರಗಳು ಉಳಿದಿರಬೇಕು. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆದ ಕಾಂಡದ ವ್ಯಾಸವನ್ನು ಆಧರಿಸಿ ಅಂಕ ನೀಡಲಾಗುತ್ತದೆ:
* 2ರಿಂದ 4 ಅಂಗುಲಕ್ಕಿಂತ ಕಡಿಮೆ: 1 ಅಂಕ
* 4ರಿಂದ 8 ಅಂಗುಲಕ್ಕಿಂತ ಕಡಿಮೆ: 2 ಅಂಕ
* 8ರಿಂದ 12 ಅಂಗುಲಕ್ಕಿಂತ ಕಡಿಮೆ: 4 ಅಂಕ
* 12 ಅಂಗುಲ ಮತ್ತು ಹೆಚ್ಚು: 8 ಅಂಕ

ಉದಾಹರಣೆಗೆ, ಒಂದು ತುಂಡಿನಲ್ಲಿ 32 ಅಂಕಗಳಷ್ಟು ಮರಗಳಿದ್ದರೆ 8 ಅಂಕಗಳಷ್ಟನ್ನು ಮಾತ್ರ ಕಡಿಯಬಹುದು. ಜೊತೆಗೆ, 4 ಅಂಗುಲ ಹಾಗೂ ಅದಕ್ಕಿಂತ ದಪ್ಪನಾದ ಮರಗಳ ಒಟ್ಟು ಗಾತ್ರದಲ್ಲಿ ಯಾವುದೇ 10 ವರ್ಷಗಳ ಅವಧಿಯಲ್ಲಿ ಶೇಕಡ 40ಕ್ಕಿಂತ ಹೆಚ್ಚನ್ನು ತೆಗೆಯುವಂತಿಲ್ಲ. ಮರಗಳ ಮೇಲ್ಛಾವಣಿಯಲ್ಲಿ 250 ಚದರ ಅಡಿಗಿಂತ ದೊಡ್ಡ ತೆರವು ಉಂಟಾಗಕೂಡದು.

== ಪೊದೆಗಳು ಮತ್ತು ಕಾಲುದಾರಿ ==
ರಕ್ಷಣಾಪಟ್ಟಿಯಲ್ಲಿ 3 ಅಡಿಗಿಂತ ಕುಳ್ಳಾದ ಸಸ್ಯಗಳನ್ನೂ ನೆಲದ ತರಗೆಲೆಗಳನ್ನೂ ತೆಗೆಯುವಂತಿಲ್ಲ. ನೀರಿನೆಡೆಗೆ ಹೋಗಲು 6 ಅಡಿ ಅಗಲ ಮೀರದ ಕಾಲುದಾರಿಗೆ ಅವಕಾಶವಿದೆ. ದಾರಿ ನೇರವಾಗಿದ್ದರೆ ಮಳೆನೀರು ಅದರಲ್ಲೇ ಕಾಲುವೆಯಂತೆ ಹರಿಯುವುದರಿಂದ ಅದು ಅಂಕುಡೊಂಕಾಗಿರಬೇಕು. ನೋಟಕ್ಕಾಗಿ ಮರದ ಕೆಳಗಿನ ಮೂರನೆಯ ಒಂದು ಭಾಗದ ಕೊಂಬೆಗಳನ್ನು ಸವರಬಹುದು.

== ವಿನಾಯಿತಿ ಮತ್ತು ಜಾರಿ ==
ಕಾನೂನುಬದ್ಧವಾಗಿ ಮೊದಲೇ ಇದ್ದ ತೆರವು ಜಾಗಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು, ವಿಸ್ತರಿಸುವಂತಿಲ್ಲ. ಬೀಳುವ ಅಪಾಯವಿರುವ ಮರಗಳನ್ನು ಪಟ್ಟಣದ ನಿಯಮಪಾಲನಾ ಅಧಿಕಾರಿಯೊಡನೆ ಸಮಾಲೋಚಿಸಿ ತೆಗೆಯಬಹುದು. ನಿಯಮ ಮೀರಿದವರಿಗೆ ದಂಡ ವಿಧಿಸಿ, ಮರು ನೆಡುತೋಪಿಗೆ ಆದೇಶಿಸಲು ಅವಕಾಶವಿದೆ. ಆದರೆ ನೆಟ್ಟ ಸಸಿಯು ಕಡಿದ ಮರದ ಸ್ಥಾನವನ್ನು ತುಂಬಲು ದಶಕಗಳು ಬೇಕಾಗುವುದರಿಂದ, ಕಡಿಯುವ ಮುನ್ನವೇ ಅಧಿಕಾರಿಯನ್ನು ವಿಚಾರಿಸುವುದು ವಾಡಿಕೆ.