ಅಲೆಮಾರಿಯ ದಿನಚರಿ

೧೯೩೩ನೆಯ ಇಸವಿ ಡಿಸೆಂಬರ್ ತಿಂಗಳು. ಸುರಿಯುವ ಮಳೆಯಲ್ಲಿ ಹದಿನೆಂಟರ ತರುಣನೊಬ್ಬನು ಲಂಡನ್ನಿನ ಟವರ್ ಬ್ರಿಜ್ಜಿನ ಬಳಿ ಹಾಲೆಂಡಿಗೆ ಹೊರಟ ಸಣ್ಣ ಹಡಗನ್ನೇರಿದನು. ಮೈಮೇಲೆ ಸಿಪಾಯಿಗಳ ಹಳೆಯ ಕೋಟು. ಬೆನ್ನ ಚೀಲದಲ್ಲಿ ಇಂಗ್ಲಿಷ್ ಕವಿತೆಗಳ ಸಂಕಲನವೊಂದು, ರೋಮನ್ ಕವಿ ಹೊರೇಸನ ಪುಸ್ತಕವೊಂದು. ಖರ್ಚಿಗೆ ವಾರಕ್ಕೆ ಒಂದು ಪೌಂಡು. ಇಷ್ಟನ್ನು ನೆಚ್ಚಿ ಆತನು ತೊಟ್ಟ ಸಂಕಲ್ಪವೋ, ಯುರೋಪನ್ನು ನಡೆದೇ ದಾಟಿ ಕಾನ್‌ಸ್ಟಾಂಟಿನೋಪಲ್ ಸೇರುವುದು!

ಪ್ಯಾಟ್ರಿಕ್ ಲೀ ಫರ್ಮರನಿಗೆ ಮನೆಯೆಂಬುದು ಮೊದಲಿನಿಂದಲೂ ದಕ್ಕಿರಲಿಲ್ಲ. ತಂದೆ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಅಧಿಕಾರಿ. ಹಸುಗೂಸನ್ನು ಇಂಗ್ಲೆಂಡಿನ ಹಳ್ಳಿಯ ಸಂಸಾರವೊಂದಕ್ಕೆ ಒಪ್ಪಿಸಿ ತಾಯಿ ಭಾರತಕ್ಕೆ ಮರಳಿದಳು. ಮುಂದೆ ಶಾಲೆಯವರೂ ಹುಡುಗನನ್ನು ಹೊರಗೆ ಹಾಕಿದರು. ತರಕಾರಿ ಅಂಗಡಿಯವನ ಮಗಳ ಕೈಹಿಡಿದು ಕುಳಿತದ್ದು ಅಪರಾಧವಾಗಿತ್ತು.

ಅಲೆಮಾರಿಗೆ ಆ ಕಾಲದ ಯುರೋಪು ತೀರ ನಿರ್ದಯವಾಗಿರಲಿಲ್ಲ. ಹಾಲೆಂಡಿನಲ್ಲಿ ಬಡ ಪಯಣಿಗನು ಪೊಲೀಸ್ ಠಾಣೆಗೆ ಹೋಗಿ ಕೇಳಿದರೆ ಬಿಡಾರಕ್ಕೆ ಒಂದು ಕೋಣೆ ದೊರೆಯುತ್ತಿತ್ತು. ಬೆಳಗ್ಗೆ ಕಾಫಿ, ರೊಟ್ಟಿ. ಜರ್ಮನಿಯ ಹಳ್ಳಿಗಳಲ್ಲಿ ಊರ ಮುಖ್ಯಸ್ಥನು ಚೀಟಿ ಬರೆದುಕೊಟ್ಟರೆ ಛತ್ರದಲ್ಲಿ ಊಟ, ಹಾಸಿಗೆ. ಆದರೂ ಮ್ಯೂನಿಕ್ ನಗರದಲ್ಲಿ ಆತನಿಗೆ ಪೆಟ್ಟು ಬಿತ್ತು. ಮದ್ಯಶಾಲೆಯಲ್ಲಿ ಮೈಮರೆತು ಮರುದಿನ ಬಂದು ನೋಡಿದರೆ, ವಸತಿಗೃಹದಲ್ಲಿಟ್ಟಿದ್ದ ಚೀಲವೇ ಇಲ್ಲ! ಹಣ, ರಹದಾರಿ, ಪುಸ್ತಕಗಳು, ಎಲ್ಲಕ್ಕಿಂತ ಮಿಗಿಲಾಗಿ ಅಂದಿನವರೆಗಿನ ದಿನಚರಿ ಕಳ್ಳನ ಪಾಲಾಗಿತ್ತು. ಬ್ರಿಟಿಷ್ ಕಾನ್ಸಲ್ ಕಚೇರಿ ಐದು ಪೌಂಡು ಸಾಲ ಕೊಟ್ಟಿತು. ಎಸ್ಟೋನಿಯದ ತಮ್ಮ ಆಸ್ತಿಯನ್ನು ಕಳೆದುಕೊಂಡು ಆ ಪ್ರಾಂತದಲ್ಲಿ ನೆಲೆಸಿದ್ದ ಬ್ಯಾರನ್ ಒಬ್ಬರು ಮನೆಗೆ ಕರೆದು ಉಪಚರಿಸಿ, ಹೊರೇಸನ ಹಳೆಯ ಪುಟ್ಟ ಪ್ರತಿಯೊಂದನ್ನು ಕೈಗಿತ್ತರು. ಮುಂದಿನ ದಾರಿಯ ಬಂಧುಮಿತ್ರರಿಗೆ ಪತ್ರಗಳನ್ನೂ ಬರೆದರು. ಕೊಟ್ಟಿಗೆಯಲ್ಲಿ ಮಲಗುತ್ತಿದ್ದವನಿಗೆ ಆಮೇಲೆ ಕೋಟೆಮನೆಗಳ ಬಾಗಿಲು ತೆರೆದವು.

ನಡುನಡುವೆ ಆತನು ದೋಣಿ, ಕುದುರೆ, ಮೋಟಾರು ಏರಿದ್ದುಂಟು. ಪಾದಯಾತ್ರೆಯ ಮಡಿವಂತರು ಮೂಗು ಮುರಿಯಬಹುದು; ಕರೆದವರೊಡನೆ ಹೋಗದಿರುವಷ್ಟು ಬಿಗುಮಾನ ಅಲೆಮಾರಿಗೆ ಸಲ್ಲದು. ೧೯೩೫ರ ಹೊಸವರ್ಷದ ವೇಳೆಗೆ ಆತನು ಗುರಿ ಮುಟ್ಟಿದನು.

ಅದೇ ವರ್ಷ ಅಥೆನ್ಸಿನಲ್ಲಿ ಬಾಲಾಶಾ ಕಾಂಟಾಕುಜೀನ್ ಎಂಬ ರುಮೇನಿಯದ ಚಿತ್ರಕಲಾವಿದೆಯ ಪರಿಚಯವಾಯಿತು. ಆಕೆ ರಾಜವಂಶದವಳು, ವಯಸ್ಸಿನಲ್ಲಿ ಬಹಳ ಹಿರಿಯಳು. ಪರಿಚಯ ಪ್ರೇಮವಾಯಿತು. ಬಲೇನಿ ಎಂಬ ಹಳ್ಳಿಯಲ್ಲಿದ್ದ ಆಕೆಯ ಮನೆಯೇ ಅಲೆಮಾರಿಯ ಮನೆಯಾಯಿತು. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಸೈನ್ಯ ಸೇರಲೆಂದು ಆತನು ಹೊರಟನು. ಬೇಗನೆ ಹಿಂದಿರುಗುವ ನಂಬಿಕೆಯಿಂದ, ಪಯಣದ ಉತ್ತರಾರ್ಧವನ್ನು ಬರೆದಿಟ್ಟಿದ್ದ ಹಸಿರು ದಿನಚರಿಯನ್ನು ಅಲ್ಲಿಯೇ ಬಿಟ್ಟನು.

ಯುದ್ಧ ಮುಗಿಯಿತು; ರುಮೇನಿಯದಲ್ಲಿ ಕಮ್ಯೂನಿಸ್ಟ್ ಆಡಳಿತ ಬಂದಿತು. ೧೯೪೯ರ ಮಾರ್ಚ್ ತಿಂಗಳ ಒಂದು ರಾತ್ರಿ ದೇಶದ ಜಮೀನುದಾರರನ್ನೆಲ್ಲ ಮನೆಯಿಂದ ಹೊರಡಿಸಿದರು. ಬಾಲಾಶಾ ಮತ್ತು ಆಕೆಯ ತಂಗಿಗೆ ಗಂಟು ಕಟ್ಟಿಕೊಳ್ಳಲು ಕೊಟ್ಟ ಅವಕಾಶ ಕಾಲು ಗಂಟೆ. ತಲೆಮಾರುಗಳ ಮನೆಯಲ್ಲಿ ಏನನ್ನು ಎತ್ತಿಕೊಳ್ಳುವುದು, ಏನನ್ನು ಬಿಡುವುದು? ಆಕೆ ಎತ್ತಿಕೊಂಡ ಕೆಲವೇ ವಸ್ತುಗಳಲ್ಲಿ ಆ ಹಸಿರು ದಿನಚರಿಯೂ ಒಂದು.

೧೯೬೫ರಲ್ಲಿ ಫರ್ಮರನು ರುಮೇನಿಯಕ್ಕೆ ಹೋದನು. ಅಕ್ಕತಂಗಿಯರು ಸಣ್ಣ ಊರೊಂದರ ಅಟ್ಟದ ಕೋಣೆಯಲ್ಲಿ ಭಾಷೆಯ ಪಾಠ ಹೇಳಿ ದಿನ ದೂಡುತ್ತಿದ್ದರು. ವಿದೇಶೀಯನು ಮನೆಗೆ ಬಂದನೆಂದರೆ ಅವರಿಗೆ ಅಪಾಯ. ಆದುದರಿಂದ ಆತನು ಕತ್ತಲಾದ ಮೇಲೆ ಗುಟ್ಟಾಗಿ ಮೆಟ್ಟಿಲೇರಿದನು. ಇಪ್ಪತ್ತಾರು ವರ್ಷಗಳ ಮೇಲೆ ಕಂಡವನ ಕೈಗೆ ಬಾಲಾಶಾ ದಿನಚರಿಯನ್ನು ಮರಳಿ ಇತ್ತಳು.

ಪಯಣದ ಮೊದಲ ಸಂಪುಟ ೧೯೭೭ರಲ್ಲಿಯೂ ಎರಡನೆಯದು ೧೯೮೬ರಲ್ಲಿಯೂ ಅಚ್ಚಾದವು. ಮೂರನೆಯದನ್ನು ತಿದ್ದುತ್ತಲೇ, ೨೦೧೧ರಲ್ಲಿ ೯೬ರ ವಯಸ್ಸಿನಲ್ಲಿ ಆತನು ತೀರಿಕೊಂಡನು. ೨೦೧೩ರಲ್ಲಿ ಹೊರಬಂದ ಆ ಕೊನೆಯ ಸಂಪುಟದಲ್ಲಿ ಹಸಿರು ದಿನಚರಿಯ ಪುಟಗಳೂ ಸೇರಿವೆ.